ಹಾರೆಯ ಮೊನೆಗೆ ಸಿಗುವ ಹಸಿ

ಕೇಳುಗ ಬಂಧುಗಳೇ, ನಮಸ್ಕಾರ.

ನಮ್ಮದು ಅರೆಮಲೆನಾಡಿನ ಊರು. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಅಪ್ಪ ಹಾರೆ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ನಾಲ್ಕು ಕಡೆ ಗುದ್ದು ತೋಡಿ, ಒಳಗಿನ ಮಣ್ಣನ್ನು ಅಂಗೈಯಲ್ಲಿ ಹಿಸುಕುತ್ತಿದ್ದರು. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದ ಕೂಡಲೇ ಬಿರಿದರೆ ಹದ ಬಂತು ಎಂದರ್ಥ. ಕೈಗೆ ಅಂಟಿದರೆ ಎರಡು ದಿನ ಕಾಯಬೇಕು. ಪುಡಿಯಾಗಿ ಉದುರಿದರೆ ಇನ್ನೊಂದು ಮಳೆ ಬೀಳಬೇಕು. ದಾರಿಯಲ್ಲಿ ಸಿಕ್ಕವರು "ಎಷ್ಟು ಹಸಿ ಇಳಿದಿದೆ?" ಎಂದು ಕೇಳಿದರೆ "ಒಂದು ಗೇಣು" ಎನ್ನುತ್ತಿದ್ದರು. ಬಿದ್ದದ್ದೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ಇಳಿದದ್ದೆಷ್ಟು ಎನ್ನುವುದೇ ಲೆಕ್ಕ.

ನೆರೆ ಮತ್ತು ಬರವನ್ನು ಮೊದಲೇ ಅರಿಯುವ ಬಗ್ಗೆ ಮಾತಾಡಲು ಕುಳಿತರೆ ನನಗೆ ನೆನಪಾಗುವುದು ಆ ಲೆಕ್ಕವೇ. ಬಿದ್ದದ್ದನ್ನು ಅಳೆಯುವುದರಲ್ಲಿ ನಾವು ಬಹಳ ದೂರ ಬಂದಿದ್ದೇವೆ. ಇಳಿದದ್ದನ್ನು ಅಳೆಯುವ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.

1988ರಲ್ಲಿ ಕರ್ನಾಟಕ ಬರಗಾಲವನ್ನು ಗಮನಿಸುವುದಕ್ಕೆಂದೇ ಒಂದು ಘಟಕ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅದೇ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳಿವೆ. ಸೌರಫಲಕದಿಂದ ನಡೆಯುವ ಇವು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಹೋಬಳಿಗಳಲ್ಲಿ ಇರುವ ಹವಾಮಾನ ಕೇಂದ್ರಗಳು ಮಳೆಯ ಜೊತೆಗೆ ಉಷ್ಣಾಂಶ, ಗಾಳಿಯ ವೇಗ, ತೇವಾಂಶವನ್ನೂ ತಿಳಿಸುತ್ತವೆ.

15 ನಿಮಿಷ ಎನ್ನುವುದು ಸಣ್ಣ ಮಾತಲ್ಲ. ಮೊದಲು ಬೆಳಿಗ್ಗೆ ಎಂಟೂವರೆಗೆ ಒಬ್ಬರು ಅಳತೆಪಟ್ಟಿ ನೋಡಿ ಬರೆದುಕೊಂಡರೆ ಅದೇ ದಿನದ ಲೆಕ್ಕವಾಗುತ್ತಿತ್ತು. ಆದರೆ 60 ಮಿಲಿಮೀಟರ್ ಮಳೆ ದಿನವಿಡೀ ಜಿನುಗಿದರೆ ಹೊಲ ಕುಡಿಯುತ್ತದೆ. ಅದೇ ಮಳೆ ಒಂದು ಗಂಟೆಯಲ್ಲಿ ಸುರಿದರೆ ಹಳ್ಳ ಕಟ್ಟೆಯೊಡೆಯುತ್ತದೆ. ದಿನದ ಕೊನೆಯ ಮೊತ್ತದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು ನೆಲದ ವಿಷಯ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಅದರಲ್ಲಿ ಎಷ್ಟು ಮಣ್ಣಿಗಿಳಿಯುತ್ತದೆ, ಎಷ್ಟು ಹಳ್ಳಕ್ಕೆ ಹರಿಯುತ್ತದೆ ಎನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ನಿನ್ನೆಯ ಮಣ್ಣು. ಅದಾಗಲೇ ತುಂಬಿದ್ದರೆ ಬಿದ್ದದ್ದೆಲ್ಲ ಹರಿದೇ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಜೂನ್‌ನಿಂದ ಬಿಡದೆ ಸುರಿದ ಮಳೆಗೆ ಗುಡ್ಡಗಳು ನೆನೆದು ಭಾರವಾಗಿದ್ದವು. ಆಗಸ್ಟ್ ನಡುವಿನ ದೊಡ್ಡ ಮಳೆ ಬಂದಾಗ, ಎಷ್ಟೋ ಕಡೆ ಇಳಿಜಾರನ್ನು ಕಡಿದು ಮಾಡಿದ್ದ ಗಾಯಗಳೂ ಸೇರಿ, ಮಣ್ಣು ಮನೆಗಳ ಮೇಲೆಯೇ ಜಾರಿ ಬಂತು. ಅದೇ ಮುಂಗಾರಿನಲ್ಲಿ ರಾಜ್ಯದ 100 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಒಂದೇ ರಾಜ್ಯ, ಒಂದೇ ಮುಂಗಾರು.

ಮಣ್ಣಿನ ಹಸಿ ಅಳೆಯುವ ಉಪಕರಣ ನೋಡಲು ಎರಡು ಮೂರು ಕಡ್ಡಿಯ ಫೋರ್ಕಿನಂತೆ ಇರುತ್ತದೆ. ಅದನ್ನು ಬೇರುಗಳು ಇರುವ ಆಳದಲ್ಲಿ ಹೂತಿಡುತ್ತಾರೆ. ವಿದ್ಯುತ್ ಕ್ಷೇತ್ರಕ್ಕೆ ನೀರು ಸ್ಪಂದಿಸುವ ರೀತಿಯೇ ಬೇರೆ, ಒಣಮಣ್ಣು ಸ್ಪಂದಿಸುವ ರೀತಿಯೇ ಬೇರೆ. ಆ ಗುಣದ ಅಳತೆ ನೀರಿನಲ್ಲಿ ಸುಮಾರು 80 ಇದ್ದರೆ ಒಣಮಣ್ಣಿನಲ್ಲಿ ಮೂರು, ನಾಲ್ಕು, ಐದು. ಈ ಅಂತರವನ್ನು ಹಿಡಿದು ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕುತ್ತಾರೆ.

ಆದರೆ ಬರೀ ಸಂಖ್ಯೆ ಮೋಸ ಮಾಡುತ್ತದೆ. ನೂರಕ್ಕೆ 20ರಷ್ಟು ನೀರಿದೆ ಎಂದು ಉಪಕರಣ ಹೇಳಿತು ಎನ್ನಿ. ಮರಳು ಬೆರೆತ ಕೆಂಪು ಮಣ್ಣಿನಲ್ಲಾದರೆ ರಾಗಿ ನಗುತ್ತಾ ನಿಂತಿರುತ್ತದೆ. ಅದೇ 20 ಗಟ್ಟಿ ಎರೆಹೊಲದಲ್ಲಾದರೆ ಜೋಳದ ಗರಿ ಸುತ್ತಿಕೊಂಡಿರುತ್ತದೆ, ಏಕೆಂದರೆ ಜೇಡಿ ನೀರನ್ನು ಬಿಗಿಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಊರೂರಿನ ಮಣ್ಣನ್ನು ಪರೀಕ್ಷಿಸಿ ಆ ಉಪಕರಣಕ್ಕೆ ಅದನ್ನು ಪರಿಚಯ ಮಾಡಿಸಬೇಕು. ಇದು ತಾಳ್ಮೆಯ ಕೆಲಸ, ಖರ್ಚಿನ ಕೆಲಸ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಹಳ್ಳದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಹಲವು ವರ್ಷಗಳಿಂದ ರೈತರ ಹೊಲಗಳಲ್ಲೇ ಈ ಕೆಲಸ ಮಾಡುತ್ತಿದ್ದಾರೆ. ಉಪಗ್ರಹಗಳು ಮೇಲಿನಿಂದ ಹೇಳುವ ಹಸಿ ನಿಜವೇ ಎಂದು ಒರೆಗೆ ಹಚ್ಚುವುದು ಇಂಥ ಹೊಲಗಳಲ್ಲೇ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದ ಉದ್ದೇಶಗಳಲ್ಲಿ ಮಣ್ಣಿನ ತೇವವನ್ನು ಅರಿಯುವುದೂ ಒಂದು. ಮೇಲಿನ ಕಣ್ಣು ಎಷ್ಟೇ ಚುರುಕಾಗಿದ್ದರೂ ಕೆಳಗೆ ಹಾರೆ ಹಾಕಿ ನೋಡುವವರು ಬೇಕೇ ಬೇಕು.

ನೆರೆ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ಮಳೆ ಹಿಡಿದರೆ ಚಿಕ್ಕೋಡಿಯ ನದಿದಡದವರು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ವಿಚಾರಿಸತೊಡಗುತ್ತಾರೆ. ದನಕರು ಬಿಚ್ಚಿಕೊಂಡು ಎತ್ತರಕ್ಕೆ ಹೋಗಲು ಅವರಿಗೆ ಒಂದು ರಾತ್ರಿಯಾದರೂ ಮುಂಚೆ ಸುದ್ದಿ ಬೇಕು. ಬರ ಹಾಗಲ್ಲ, ಸದ್ದಿಲ್ಲದೆ ಬರುತ್ತದೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರದ ಪಟ್ಟಿಗೆ ಸೇರಿದವು. ಪಟ್ಟಿ ಬರುವ ಹೊತ್ತಿಗೆ ಎಷ್ಟೋ ಕಡೆ ಬಿತ್ತಿದ್ದು ಒಣಗಿ ಹೋಗಿತ್ತು. ಮೇಲೆ ಹಸಿರು ಕಾಣುವಾಗಲೇ ಬೇರಿನ ಆಳದಲ್ಲಿ ಹಸಿ ಆರುತ್ತಿರುವುದನ್ನು ಮಣ್ಣಿನ ಮಾಪಕ ತೋರಿಸಬಲ್ಲದು. ಆಗಲೇ ತಿಳಿದರೆ ಕೆರೆಯ ನೀರನ್ನು ಯಾವ ಹೊಲಕ್ಕೆ ಬಿಡಬೇಕು, ಮೇವು ಎಲ್ಲಿ ಕೂಡಿಡಬೇಕು ಎಂದು ಯೋಚಿಸಲು ಸಮಯ ಸಿಗುತ್ತದೆ.

ಕೊನೆಗೆ, ನಾನೇ ಕಂಡ ಒಂದು ಸಂಗತಿ. ಮಲೆನಾಡಿನ ಒಂದು ಊರಿನಲ್ಲಿ ಜುಲೈ ತಿಂಗಳಿಡೀ ಧಾರಾಕಾರ ಮಳೆ. ಅಡಿಕೆಗೆ ಕೊಳೆ ರೋಗ ಬಂದು ಎಳೆಕಾಯಿ ಉದುರಿ ತೋಟದ ತುಂಬ ಹಾಸಿತ್ತು. ಮಾಪಕದ ಲೆಕ್ಕದಲ್ಲಿ ಮಾತ್ರ ಮಳೆ ಬಲು ಕಡಿಮೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಂತಿರುವುದೇ ಆ ಲೆಕ್ಕದ ಮೇಲೆ. ಹೋಗಿ ನೋಡಿದರೆ ಬೇಲಿಯೊಳಗೆ ಬೇವಿನ ಮರ ಬೆಳೆದು ಮಾಪಕದ ಮೇಲೆ ಕೊಂಬೆ ಚಾಚಿತ್ತು. ಆಲಿಕೆಯ ಕಂಡಿಯಲ್ಲಿ ಎಲೆ ಕೊಳೆತು ಕೂತಿತ್ತು, ಅದರ ಪಕ್ಕ ಕಣಜ ಮಣ್ಣಿನ ಗೂಡು ಕಟ್ಟಿತ್ತು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದ ಊರವರು ಒಮ್ಮೆಯೂ ಇಣುಕಿರಲಿಲ್ಲ.

ದೂರು ಕೊಟ್ಟ ಮೇಲೆ ಒಬ್ಬ ಹುಡುಗ ಚೀಲ ಹೆಗಲಿಗೇರಿಸಿ ಬಂದ. ಗೂಡು ಕೆರೆದು, ಆಲಿಕೆ ತೊಳೆದು, 200 ಮಿಲಿಲೀಟರ್ ನೀರನ್ನು ಹನಿಹನಿಯಾಗಿ ಬಿಡತೊಡಗಿದ. ಆ ಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಹಾಗಾಗಿ ಲೆಕ್ಕ ಸರಿಯಾಗಿ 10 ಮಿಲಿಮೀಟರ್ ಬರಬೇಕು. ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಟಕ್ ಎಂಬ ಸದ್ದು. ತೋಟದವರು ಏಳೆಂಟು ಮಂದಿ ಬೇಲಿ ಹಿಡಿದು, ಬಾಯಲ್ಲೇ ಎಣಿಸುತ್ತಾ ನಿಂತಿದ್ದರು. ಹುಡುಗ ಫೋನ್ ತಿರುಗಿಸಿ ತೋರಿಸಿದ: ಹತ್ತು.

ನಮಸ್ಕಾರ.