ಗಾಡಿ ಇತ್ತು, ಹೊತ್ತು ಸಾಲಲಿಲ್ಲ

ಕೇಳುಗರಿಗೆ ನಮಸ್ಕಾರ.

ಕೋವಿಡ್ ಹಬ್ಬಿದ್ದ 2020ರ ಮೇ ತಿಂಗಳಲ್ಲಿ ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದೇ ಅಳಲು: 108ಕ್ಕೆ ಎಷ್ಟು ಸಲ ಫೋನ್ ಮಾಡಿದರೂ ಆಂಬುಲೆನ್ಸ್ ಬರಲಿಲ್ಲ. ಗಾಡಿಗಳು ಕಡಿಮೆ ಇದ್ದವು, ನಿಜ. ಆದರೆ ಇದ್ದ ಗಾಡಿಗಳೂ ಎಲ್ಲಿ ಸಿಕ್ಕಿಬಿದ್ದಿದ್ದವು ಎಂದು ನಾವು ಯೋಚಿಸಿದ್ದು ಕಡಿಮೆ.

ಆಗಿನ ಆಂಬುಲೆನ್ಸಿನ ಒಂದು ಸುತ್ತನ್ನೇ ತೆಗೆದುಕೊಳ್ಳಿ. ಕರೆ ಬಂದೊಡನೆ ಹೊರಡುತ್ತಿದ್ದ ಚಾಲಕ ಮತ್ತು ವೈದ್ಯರು ಆಗ ಮೊದಲು ಸೋಂಕು ತಡೆಯುವ ಪಿಪಿಇ ಉಡುಪು ತೊಡಬೇಕು. ಮೈಯೆಲ್ಲ ಬೆವರುವ ಆ ಉಡುಪಿನಲ್ಲೇ ಚಾಳಿನ ಕಿರಿದಾದ ಮೆಟ್ಟಿಲಿಳಿಸಿ ರೋಗಿಯನ್ನು ತರಬೇಕು. ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಇಲ್ಲ ಎಂದರೆ ಇನ್ನೊಂದು ಆಸ್ಪತ್ರೆ, ಅಲ್ಲೂ ಇಲ್ಲವೆಂದರೆ ಮತ್ತೊಂದು. ರೋಗಿಯನ್ನು ಒಪ್ಪಿಸಿದ ಮೇಲೆ ಗಾಡಿಯ ಒಳಗೆಲ್ಲ ಸೋಂಕುನಾಶಕ ಸೋಡಿಯಂ ಹೈಪೋಕ್ಲೋರೈಟ್‌ನಿಂದ ಒರೆಸಬೇಕು. ಅಷ್ಟರವರೆಗೆ ಮುಂದಿನ ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ. ಚಾಲಕನಿಗೇ ಸೋಂಕು ತಗಲಿದರಂತೂ ಗಾಡಿ ಇದ್ದೂ ಇಲ್ಲದ ಹಾಗೆ. ಲೋಕಲ್ ರೈಲು ಬೇರೆ ನಿಂತಿತ್ತು; ದೂರದ ವಿರಾರ್, ಕಲ್ಯಾಣ ಕಡೆಯ ನರ್ಸ್‌ಗಳು ಪಾಳಿಗೆ ಬಂದು ಸೇರುವುದೇ ದೊಡ್ಡ ಪಡಿಪಾಟಲು.

ಇದಕ್ಕೆ ಮುಂಬಯಿ ಮಹಾನಗರಪಾಲಿಕೆ ಕಂಡುಕೊಂಡ ದಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲು ಹಾಸಿಗೆ ಕೇಳುವ ಇಡೀ ನಗರದ ಕರೆಗಳು ಪಾಲಿಕೆಯ 1916 ಎಂಬ ಒಂದೇ ಸಂಖ್ಯೆಗೆ ನುಗ್ಗುತ್ತಿದ್ದವು. ಆ ವರ್ಷದ ಜೂನ್‌ನಲ್ಲಿ 24 ವಾರ್ಡ್‌ಗಳಿಗೂ ಒಂದೊಂದು ವಾರ್ ರೂಮ್, ಅಂದರೆ ಕರೆಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೊಠಡಿ, ಆಯಿತು. ಅಲ್ಲಿ ವೈದ್ಯರಿದ್ದರು, ಆಂಬುಲೆನ್ಸ್‌ಗಳಿದ್ದವು. ಹಾಸಿಗೆ ಎಲ್ಲಿ ಖಾಲಿ ಇದೆ ಎಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಗಾಡಿ ಕಳಿಸುವ ಪದ್ಧತಿ ಬಂತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ಗಂಟೆಗಳು ಹೀಗೆ ಉಳಿದವು. ನಗರ ಬಸ್ ಸಂಸ್ಥೆ ಬೆಸ್ಟ್‌ನ ಮಿನಿ ಬಸ್ಸುಗಳೂ ಆಂಬುಲೆನ್ಸ್ ಆದವು. 2021ರ ಏಪ್ರಿಲ್ ಮಧ್ಯದಲ್ಲಿ ಆರು ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿಯುವ ಹಂತಕ್ಕೆ ಬಂದಾಗ 168 ರೋಗಿಗಳನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಲು ಸಾಧ್ಯವಾದದ್ದು ಈ ವ್ಯವಸ್ಥೆ ಕೈಗೆ ಹತ್ತಿದ್ದರಿಂದ.

ಆದರೆ ಕೋವಿಡ್ ಇಲ್ಲದವರ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಹೆರಿಗೆ ನೋವು ಲಾಕ್‌ಡೌನ್ ಕೇಳಿ ಬರುವುದಿಲ್ಲ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಷ್ಟರಲ್ಲಿ ಗಾಡಿಯೂ ಬರಬೇಕು, ಮೆದುಳಿನ ಸ್ಕ್ಯಾನ್ ಕೂಡ ಆಗಬೇಕು. ಆಸ್ಪತ್ರೆಗೆ ಹೋದರೆ ಕೊರೊನಾ ಹತ್ತುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಮಂದಿ ಫೋನ್ ಮಾಡಲೇ ಇಲ್ಲ. ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರು ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವುದು ಮೊದಲಿನಿಂದಲೂ ಇದ್ದದ್ದೇ. ಆ ದಿನಗಳಲ್ಲಿ ಅದು ಇನ್ನೂ ಹೆಚ್ಚಾಯಿತು. ದಯವಿಟ್ಟು ಹಾಗೆ ಮಲಗಬೇಡಿ. 108ಕ್ಕೆ ಕರೆ ಮಾಡಿ, ನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಮೊದಲೇ ಹೇಳಿ.

ಇನ್ನೊಂದು ಮಾತು, ನಮ್ಮ ಸಂಘಸಂಸ್ಥೆಗಳಿಗೆ. ದಾನಿಗಳ ಹೆಸರು ಬರೆಸಿದ ಆಂಬುಲೆನ್ಸ್ ಕೊಡುವುದು ನಮಗೆ ಇಷ್ಟ, ಅದು ಒಳ್ಳೆಯ ಕೆಲಸವೂ ಹೌದು. ಆದರೆ ಮೂರು ಪಾಳಿಗೆ ಚಾಲಕರಿಲ್ಲದಿದ್ದರೆ, ಆಮ್ಲಜನಕದ ಸಿಲಿಂಡರ್ ಬದಲಿಸಲು ಕಲಿತವರಿಲ್ಲದಿದ್ದರೆ ಅದು ಅಂಗಳದಲ್ಲೇ ನಿಲ್ಲುತ್ತದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಹೊಸ ಗಾಡಿಯ ಮಾತು ಬಂದರೆ, ಮೊದಲು ಚಾಲಕರ ಸಂಬಳ, ವಿಮೆ ಮತ್ತು ತರಬೇತಿಗೆ ಹಣ ತೆಗೆದಿಡಿ. ನಮಸ್ಕಾರ.