ಹಿಡಿಕೆಯನ್ನು ನೋಡಿ

ಶ್ರೋತೃಗಳಿಗೆ ನಮಸ್ಕಾರ. ಶುಕ್ರವಾರ ರಾತ್ರಿ ಬೆಳಗಾವಿಯಲ್ಲಿ ಬಸ್ಸು ಹತ್ತಿ, ಶನಿವಾರ, ರವಿವಾರ ಎರಡು ದಿನ ಪುಣೆ ಸುತ್ತಿ ಬರುವ ಕುಟುಂಬಗಳು ನಮ್ಮಲ್ಲಿ ಬಹಳ. ತುಳಸಿಬಾಗದಲ್ಲಿ ಪಾತ್ರೆ, ಲಕ್ಷ್ಮೀ ರಸ್ತೆಯಲ್ಲಿ ಸೀರೆ, ಮರಳುವಾಗ ಎರಡು ಪೊಟ್ಟಣ ಬಾಕರವಡಿ. ಅಲ್ಲಿಗೆ ಪ್ರವಾಸ ಮುಗಿಯಿತು. ಅದೇ ಗದ್ದಲದ ನಡುವೆ, ಬಾಜೀರಾವ್ ರಸ್ತೆಯ ಮಗ್ಗುಲಲ್ಲಿ, ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವಿದೆ ಎಂದು ಚಿತ್ರಕಲಾ ಶಿಕ್ಷಕನಾಗಿ ಮಕ್ಕಳಿಗೆ ಮೂವತ್ತು ವರ್ಷ ಹೇಳಿದೆ. ಇಂದು ಅವರ ತಂದೆತಾಯಿಗಳಿಗೆ ಹೇಳುತ್ತಿದ್ದೇನೆ. ಅಲ್ಲಿಗೆ ಹೋದರೆ ಒಂದೇ ಕೆಲಸ ಮಾಡಿ: ವಸ್ತುವಿನ ಹಿಡಿಕೆಯನ್ನು ನೋಡಿ.

ದಿನಕರ ಕೇಳಕರರು ಸುಮಾರು 1920ರಿಂದ ಜನರು ದಿನಬಳಕೆಯಲ್ಲಿಟ್ಟುಕೊಂಡಿದ್ದ ದೀಪ, ಪಾತ್ರೆ, ಕಾಲು ತಿಕ್ಕುವ ವಜ್ರಿ, ಅಡಕೊತ್ತುಗಳನ್ನು ಕೂಡಿಹಾಕುತ್ತ ಬಂದರು. ಅಕಾಲದಲ್ಲಿ ತೀರಿಹೋದ ಮಗ ರಾಜಾನ ನೆನಪಿಗೆ ಅದನ್ನು ಮುಡಿಪಾಗಿಟ್ಟು, ಮುಂದೆ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಸಂಗ್ರಹದಲ್ಲಿ 20,000ಕ್ಕೂ ಹೆಚ್ಚು ವಸ್ತುಗಳಿದ್ದರೂ ನೋಡಲು ಸಿಗುವುದು 2,500ರಷ್ಟು. ಅಷ್ಟನ್ನೂ ಒಂದು ಗಂಟೆಯಲ್ಲಿ ನೋಡಿ ಮುಗಿಸಿದೆವೆನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಒಮ್ಮೆ ಬೈಲಹೊಂಗಲದ ನನ್ನ ಸೋದರತ್ತೆಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮೆಟ್ಟಿಲು ಹತ್ತಲು ಬೇಸರಪಟ್ಟುಕೊಂಡಿದ್ದ ಆಕೆ ಅಡಕೊತ್ತುಗಳ ಕಪಾಟಿನ ಮುಂದೆ ಬಂದವಳು ಕದಲಲಿಲ್ಲ. ಚೆಂದದ ಕೆತ್ತನೆಯ ಒಂದನ್ನು ನಾನು ಹೊಗಳತೊಡಗಿದಾಗ, "ಇದು ಬೀಗರ ಮುಂದ ಇಡೂದು, ಅಡಿಕಿ ಕತ್ತರಸೂದಲ್ಲ" ಎಂದಳು. ಅದರ ಪಕ್ಕದಲ್ಲಿ, ನಾನು ಗಮನಿಸಿಯೇ ಇರದ ಒಂದು ಸಾದಾ ಅಡಕೊತ್ತಿನ ಹಿಡಿಕೆಯ ಹೊರಮೈ, ಹೆಬ್ಬೆರಳಿನ ಬುಡ ಒತ್ತುವ ಕಡೆಯಲ್ಲಿ, ಸವೆದು ನುಣುಪಾಗಿತ್ತು. "ಇದು ದುಡದೈತಿ ನೋಡೋ ತಮ್ಮಾ" ಎನ್ನುತ್ತ ಗಾಜಿನ ಹೊರಗೆ, ಬರಿಗೈಯಲ್ಲೇ, ಅಡಿಕೆ ಕತ್ತರಿಸುವಂತೆ ಬೆರಳುಗಳನ್ನು ತೆರೆದು ಮುಚ್ಚಿದಳು. ಅದೂ ಸಾಲದೆ, ಸೊಂಟದ ಸಂಚಿಯಿಂದ ತನ್ನ ಅಡಕೊತ್ತನ್ನೇ ತೆಗೆದು ಗಾಜಿಗೆ ಹಿಡಿದು ಹೋಲಿಸಿದಳು. ಕಾವಲುಗಾರ ಗಾಬರಿಯಾಗಿ ಓಡಿಬಂದು, ಕಪಾಟಿನ ಬೀಗವನ್ನೊಮ್ಮೆ, ಆಕೆಯ ಕೈಯನ್ನೊಮ್ಮೆ ನೋಡಿದ. ಅತ್ತೆ ನಮ್ಮ ಕಡೆಯ ಮರಾಠಿಯಲ್ಲಿ ಅದರ ಪೂರ್ವಾಪರವನ್ನೆಲ್ಲ ವಿವರಿಸಿದ ಮೇಲೆ ಅವನು ನಕ್ಕು, ತನ್ನ ಅಜ್ಜಿಯ ಬಳಿಯೂ ಅಂಥದೊಂದಿತ್ತೆಂದ. ಅಷ್ಟು ಹೊತ್ತಿನಲ್ಲಿ ನಮ್ಮ ಹಿಂದಿನಿಂದ ಮೂರು ಕುಟುಂಬಗಳು ಮೊಬೈಲ್ ಎತ್ತಿಕೊಂಡು ಸರಸರನೆ ದಾಟಿಹೋದವು. ಹೀಗೆ ಹೋಗುವುದಾದರೆ ಟಿಕೆಟ್ಟಿನ ಹಣದಲ್ಲಿ ಚಹಾ ಕುಡಿಯಬಹುದಲ್ಲ! ಕೆತ್ತನೆಯನ್ನು ಯಾರಾದರೂ ನೋಡುತ್ತಾರೆ. ನೀವು ಹಿಡಿಕೆಯನ್ನು ನೋಡಿ.

ಸಮಯ ಮುಗಿಯುತ್ತ ಬಂತೆಂದು ಸ್ಟುಡಿಯೋದ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ದೀಪಗಳ ವಿಷಯ ಹಾಗೆಯೇ ಉಳಿಯಿತು. ಶನಿವಾರವಾಡೆಯನ್ನು ನೀವು ಹೇಗೂ ನೋಡುತ್ತೀರಿ: 1730ರಲ್ಲಿ ಮೊದಲ ಬಾಜೀರಾವ್ ಪೇಶ್ವೆ ಕಟ್ಟಿಸಲಾರಂಭಿಸಿದ ಅರಮನೆ, 1828ರ ಬೆಂಕಿಗೆ ಬಲಿಯಾದದ್ದು, ದಿಲ್ಲಿ ದರವಾಜೆಯ ಮೊನಚು ಮೊಳೆಗಳು ಆನೆಗಳನ್ನು ತಡೆಯಲು, ಅಲ್ಲಿ ಹಿಡಿಕೆ ಹುಡುಕಬೇಡಿ. ಅಲ್ಲಿಂದ ಕಸಬಾ ಪೇಠೆಯ ತಾಂಬಟ ಓಣಿಗೆ ನಡೆದೇ ಹೋಗಿ, ತಾಮ್ರ ಬಡಿಯುವವರ ಸುತ್ತಿಗೆಯ ಹಿಡಿಕೆಯನ್ನು ನೋಡಿ. ಸಂಗ್ರಹಾಲಯಕ್ಕೆ ಮನೆಯ ಹಿರಿಯರನ್ನು ತಪ್ಪದೆ ಕರೆದೊಯ್ದು, ಅಡಕೊತ್ತುಗಳ ಕಪಾಟಿನ ಮುಂದೆ ನಿಲ್ಲಿಸಿ, ನೀವು ಸ್ವಲ್ಪ ಹಿಂದೆ ಸರಿದು ನಿಲ್ಲಿ. ನಮಸ್ಕಾರ.