ಅಂಗವಿಕಲ ಕಲಾವಿದರ ಜೊತೆ ಕಿರುನಾಟಕ ಕಟ್ಟುವುದು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ನಾಟಕ, ಸಿನಿಮಾ, ಧಾರಾವಾಹಿಗಳಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾಗದವರು ಬೇಕಾದಷ್ಟು ಜನ ಬಂದು ಹೋಗಿದ್ದಾರೆ. ಆದರೆ ಆ ಪಾತ್ರ ಮಾಡಿದವರಿಗೆ ಸಾಮಾನ್ಯವಾಗಿ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಕಾಲು ಗಟ್ಟಿಯಾಗಿಯೇ ಇತ್ತು. ಕಥೆಯೂ ಹೆಚ್ಚುಕಮ್ಮಿ ಒಂದೇ. ಕೊನೆಯ ದೃಶ್ಯದಲ್ಲಿ ಕಣ್ಣು ಬರಬೇಕು, ಇಲ್ಲವೇ ಆ ಪಾತ್ರ ಸತ್ತು ಎಲ್ಲರನ್ನೂ ಅಳಿಸಬೇಕು. ಅಂಗವಿಕಲ ಕಲಾವಿದರೇ ಕೂತು ನಾಟಕ ಕಟ್ಟಲಿ, ಕಥೆ ಬೇರೆಯೇ ಆಗುತ್ತದೆ. ಬಾಡಿಗೆ ಮನೆಯ ರಗಳೆ, ಆಸ್ತಿ ಜಗಳ, ಸಾಲ, ಪ್ರೀತಿ, ಅತ್ತೆಯ ಜೊತೆ ಮುನಿಸು, ಎಲ್ಲ ಅಲ್ಲಿಗೆ ಬರುತ್ತವೆ. ಇಂಥ ನಾಟಕಗಳನ್ನು ಅವರ ಜೊತೆ ಸೇರಿ ಹೊಸದಾಗಿ ಬರೆಯುವುದು ಹೇಗೆ ಅನ್ನುವುದೇ ಈ ಹೊತ್ತಿನ ಮಾತು.

ನ್ಯೂಯಾರ್ಕ್ ನಗರದಲ್ಲಿ ಒಂದು ರಂಗತಂಡವಿದೆ. 1979ರಲ್ಲಿ ಐಕ್ ಶಾಂಬೆಲನ್ ಅನ್ನುವವರು ಅದನ್ನು ಶುರು ಮಾಡಿದಾಗ 'ಥಿಯೇಟರ್ ಬೈ ದ ಬ್ಲೈಂಡ್' ಎಂಬ ಹೆಸರಿತ್ತು. 2008ರಲ್ಲಿ ಎಲ್ಲ ಬಗೆಯ ಅಂಗವಿಕಲ ಕಲಾವಿದರಿಗೂ ಬಾಗಿಲು ತೆರೆದು 'ಥಿಯೇಟರ್ ಬ್ರೇಕಿಂಗ್ ಥ್ರೂ ಬ್ಯಾರಿಯರ್ಸ್' ಎಂದು ಹೆಸರು ಬದಲಿಸಿತು. ದೊಡ್ಡ ನಾಟಕಗಳ ಜೊತೆಗೆ ಈ ತಂಡ ಹೊಸ ಕಿರುನಾಟಕಗಳನ್ನೂ ಬರೆಸಿ ಆಡಿಸುತ್ತಾ ಬಂದಿದೆ. 2020ರಲ್ಲಿ ಕೊರೋನಾ ಬಂದು ರಂಗಮಂದಿರಗಳೆಲ್ಲ ಮುಚ್ಚಿದವು. ತಂಡ ಜೂಮ್‌ನಲ್ಲೇ ಕಿರುನಾಟಕ ಕಟ್ಟಲು ಹೊರಟಿತು. ಆ ಊರಿನ ಸುರಂಗ ರೈಲಿನ ಬಹುಪಾಲು ನಿಲ್ದಾಣಗಳಿಗೆ ಲಿಫ್ಟ್ ಇಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ನಟಿಗೆ ತಾಲೀಮಿಗೆ ಹೋಗಿಬರುವುದೇ ದೊಡ್ಡ ಕೆಲಸ. ತಾಲೀಮೇ ಮನೆಗೆ ಬಂದರೆ ಆ ಶಕ್ತಿಯೆಲ್ಲ ಪಾತ್ರಕ್ಕೆ ಉಳಿಯುತ್ತದೆ ಅಲ್ವಾ?

ಕಿರುನಾಟಕವೇ ಯಾಕೆ ಅಂತ ನೀವು ಕೇಳಬಹುದು. ಹತ್ತು ನಿಮಿಷದ ನಾಟಕದಲ್ಲಿ ಎಲ್ಲವನ್ನೂ ಬುಡದಿಂದ ಹೊಸದಾಗಿ ಯೋಚಿಸಬಹುದು. ಎರಡು ಗಂಟೆಯ ಹಳೆಯ ನಾಟಕ ಎತ್ತಿಕೊಂಡರೆ, ಅದನ್ನು ಬರೆದವರ ತಲೆಯಲ್ಲಿ ಓಡುವ, ಜಿಗಿಯುವ, ಪಟಪಟ ಮಾತಾಡುವ ನಟರಿದ್ದರು. ಅಲ್ಲಿಗೆ ನಮ್ಮ ಕಲಾವಿದರನ್ನು ತುರುಕಬೇಕಾಗುತ್ತದೆ. ಕಿರುನಾಟಕವನ್ನು ನಟರನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬಹುದು.

ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ನಟ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಾನೆ ಅಂದುಕೊಳ್ಳಿ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವುದು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಬಹುದು. ಬೇಗ ಮಾತಾಡಪ್ಪ ಅನ್ನುವುದು ತಪ್ಪು. ಅವನಿಗೆ ಸಾಲ ವಸೂಲಿ ಮಾಡುವ ಸಾಹುಕಾರನ ಪಾತ್ರ ಕೊಡಿ. ಎದುರಿಗೆ ಸಾಲಗಾರ ಬೆವರುತ್ತಾ ಕೂತಿದ್ದಾನೆ. ಸಾಹುಕಾರನ ಒಂದೊಂದು ಮಾತಿಗೂ ಅವನು ಕಾಯಲೇಬೇಕು. ಸಭೆಯೂ ಅವನ ಜೊತೆ ಉಸಿರು ಹಿಡಿದು ಕಾಯುತ್ತದೆ. ಆ ನಿಧಾನವೇ ದೃಶ್ಯವನ್ನು ಬಿಗಿ ಮಾಡುತ್ತದೆ. ಹಾಗಾಗಿ ನಾಟಕ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ, ನಿಮಗೆ ಯಾವ ಪಾತ್ರ ಮಾಡಲು ಆಸೆ ಅಂತ. ಕಾಯಿಲೆಯ ಹೆಸರು ಆಮೇಲೆ ತಿಳಿದರೂ ಸಾಕು. ಕಳ್ಳನಾಗಬೇಕು, ಮಂತ್ರಿಯಾಗಬೇಕು, ಎಲ್ಲರನ್ನೂ ನಗಿಸಬೇಕು ಅನ್ನುವ ಆಸೆ ಅವರಿಗೂ ಇದೆ. ಹಾಸ್ಯ ಪಾತ್ರ ಅವರಿಗೆ ಸಿಗುವುದೇ ಅಪರೂಪ. ನನಗೆ ತುಂಬಾ ಬೇಸರ ತರಿಸುವ ಸಂಗತಿ ಇದು.

ಇನ್ನು ನೋಡುವವರ ವಿಷಯ. ಲಂಡನ್‌ನಲ್ಲಿ 'ಗ್ರೇಆಯ್' ಅನ್ನುವ ತಂಡವನ್ನು 1980ರಲ್ಲಿ ನಬಿಲ್ ಶಬಾನ್ ಮತ್ತು ರಿಚರ್ಡ್ ಟಾಮ್ಲಿನ್ಸನ್ ಕಟ್ಟಿದರು. 1997ರಿಂದ ಅದನ್ನು ಮುನ್ನಡೆಸಿದ ಜೆನ್ನಿ ಸೀಲಿ ಅವರಿಗೆ ಕಿವಿ ಕೇಳುವುದಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನಾ ಸಮಾರಂಭವನ್ನು ನಿರ್ದೇಶಿಸಿದ ಇಬ್ಬರಲ್ಲಿ ಅವರೂ ಒಬ್ಬರು. ಈ ತಂಡದವರು ಸನ್ನೆ ಭಾಷೆಯನ್ನೂ, ಕಣ್ಣು ಕಾಣದವರಿಗಾಗಿ ಹೇಳುವ ವಿವರಣೆಯನ್ನೂ ನಾಟಕದ ಒಳಗೇ ಹೆಣೆಯುತ್ತಾರೆ. ಸನ್ನೆ ಮಾಡುವವರು ವೇದಿಕೆಯ ಮೂಲೆಯಲ್ಲಿ ಒಂಟಿಯಾಗಿ ನಿಲ್ಲಬೇಕಿಲ್ಲ. ಅವರೂ ಪಾತ್ರವಾಗುತ್ತಾರೆ.

ಇದು ನಮಗೇನೂ ದೂರದ ಮಾತಲ್ಲ. ಯಕ್ಷಗಾನದ ಭಾಗವತರು ಮಾಡುವುದೇನು? ಯಾರು ಬಂದರು, ಹೇಗೆ ಬಂದರು, ಎಷ್ಟು ಕೋಪದಲ್ಲಿದ್ದಾರೆ ಅಂತ ಹಾಡಿ ತಿಳಿಸುತ್ತಾರೆ. ಕಣ್ಣು ಮುಚ್ಚಿ ಕೂತವನಿಗೂ ಕಥೆ ತಪ್ಪುವುದಿಲ್ಲ. ಕಿರುನಾಟಕದಲ್ಲಿ ಅದೇ ಕೆಲಸವನ್ನು ಜಗಲಿ ಮೇಲೆ ಕೂತ ಇಬ್ಬರು ಹೆಂಗಸರಿಗೆ ಕೊಡಬಹುದು. "ನೋಡೇ, ಶಾಂತಕ್ಕ ಹೊಸ ಹಸಿರು ಸೀರೆ ಉಟ್ಕೊಂಡು ಬಂದ್ಲು. ಮುಖ ಮಾತ್ರ ಹೆಂಗೆ ಗಂಟು ಹಾಕ್ಕೊಂಡವ್ಳೆ!" ಇಷ್ಟು ಹೇಳಿದರೆ ಕಣ್ಣು ಕಾಣದ ಪ್ರೇಕ್ಷಕರಿಗೆ ಬಣ್ಣ, ಮುಖಭಾವ ಎರಡೂ ಸಿಕ್ಕಿತು. ಉಳಿದವರಿಗೆ ನಗುವೂ ಬಂತು.

ತಾಲೀಮಿನಲ್ಲಿ ಗಮನಿಸಬೇಕಾದ್ದು ಒಂದಷ್ಟಿದೆ. ಕಣ್ಣು ಕಾಣದ ನಟರಿಗೆ ಮಾತುಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡಿ, ಬ್ರೈಲ್ ಬರುವವರಿಗೆ ಬ್ರೈಲ್ ಪ್ರತಿ ಕೊಡಿ. ವೇದಿಕೆಯ ಅಂಚು ಕಾಲಿಗೆ ಗೊತ್ತಾಗಲು ತೆಂಗಿನ ನಾರಿನ ಚಾಪೆ ಹಾಸಿ. ಒಮ್ಮೆ ಇಟ್ಟ ಕುರ್ಚಿಯನ್ನು ಹೇಳದೆ ಸರಿಸಬೇಡಿ. ಸನ್ನೆ ಭಾಷೆಯ ನಟರಿರುವಾಗ ಕತ್ತಲೆಯ ದೃಶ್ಯ ಬೇಡ, ಬೆಳಕಿಲ್ಲದಿದ್ದರೆ ಅವರ ಮಾತೇ ನಿಂತುಹೋಗುತ್ತದೆ. ಬೇಗ ಸುಸ್ತಾಗುವವರಿಗೆ ನಡುನಡುವೆ ಬಿಡುವು ಕೊಡಿ. ಅದನ್ನು ಅವರು ಕೇಳಿ ಪಡೆಯುವಂತಾಗಬಾರದು, ತಾಲೀಮಿನ ಪಟ್ಟಿಯಲ್ಲೇ ಬರೆದಿರಬೇಕು. ಮತ್ತೆ, ಎಲ್ಲರಿಗೂ ಸಂಭಾವನೆ ಕೊಡಿ. ಅವಕಾಶ ಕೊಟ್ಟೆವಲ್ಲ ಅಂತ ಸುಮ್ನೆ ಶಾಲು ಹೊದಿಸಿ ಕಳಿಸಬೇಡಿ.

ಕನ್ನಡ ನಾಡಿಗೆ ಈ ದಾರಿ ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಸಿಕೊಳ್ಳಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆಶ್ರಮದ ಜೊತೆಗೆ ನಾಟಕ ಕಂಪನಿಯೂ ಬೆಳೆಯಿತು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು ಆಶ್ರಮದ ಹೊಣೆ ಹೊತ್ತರು. ನಾಟಕಗಳನ್ನೂ ಬರೆದರು. ಸಂಗೀತಗಾರರೆಂದು ನಾವು ಅವರನ್ನು ದಿನವೂ ನೆನೆಯುತ್ತೇವೆ. ನಾಟಕಕಾರರೆಂದು ನೆನೆಯುವುದು ಕಡಿಮೆ. ಹಾಗಾಗಬಾರದಿತ್ತು.

ಈಗ ಕಾನೂನಿನ ಬೆಂಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅದರ 29ನೇ ಕಲಂ ಕಲೆ, ಸಂಸ್ಕೃತಿ, ಮನರಂಜನೆಯಲ್ಲಿ ಅವರ ಪಾಲಿನ ಬಗ್ಗೆಯೇ ಇದೆ. ಆದರೂ ಎಷ್ಟೋ ರಂಗಮಂದಿರಗಳಲ್ಲಿ ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ದಾರಿ ಇದೆ, ವೇದಿಕೆಯ ಹಿಂದೆ ಮಾತ್ರ ಮೆಟ್ಟಿಲೇ. ಗಾಲಿಕುರ್ಚಿಯವರು ನಾಟಕ ನೋಡಬಹುದು ಅಂತ ಕಟ್ಟಿದವರಿಗೆ ಹೊಳೆಯಿತು, ಆಡಲೂಬಹುದು ಅಂತ ಹೊಳೆಯಲೇ ಇಲ್ಲ.

ರಂಗಮಂದಿರ ಸರಿಯಾಗುವವರೆಗೆ ಕಾಯಬೇಕಾಗಿಲ್ಲ. ಶಾಲೆಯ ಅಂಗಳವಿದೆ, ಊರಿನ ಅರಳಿಕಟ್ಟೆಯ ಮುಂದಿನ ಬಯಲಿದೆ. ಬಾನುಲಿಯೂ ಇದೆ. ಇಲ್ಲಿ ಮೈಕಿನ ಮುಂದೆ ಕೂತು ಆಡಿದರೆ ಸಾಕು. ಹವ್ಯಾಸಿ ತಂಡದವರು, ಕಾಲೇಜಿನ ನಾಟಕ ಸಂಘದವರು ಕೇಳುತ್ತಿದ್ದರೆ ನನ್ನದೊಂದು ಕೋರಿಕೆ. ಮುಂದಿನ ನಾಟಕಕ್ಕೆ ಕೃತಿ ಹುಡುಕುವ ಮೊದಲು ನಿಮ್ಮ ಊರಿನ ಅಂಗವಿಕಲ ಹುಡುಗ ಹುಡುಗಿಯರನ್ನು ಕರೆದು ಕೂರಿಸಿ. ಕಥೆ ಅವರಿಂದಲೇ ಶುರುವಾಗಲಿ. ಬರೆಯುವ ಪೆನ್ನೂ ಅವರ ಕೈಗೆ ಹೋಗಲಿ.

ನಮಸ್ಕಾರ.